ಹಂದಿ ಹೊಡೆಯಲು ಅಪ್ಪಣೆ ಸರಿ, ಯಾವ ಗುಂಡಿನಿಂದ?

ಅಂಕೋಲಾ ತಾಲ್ಲೂಕಿನ ಅಚವೆ, ಹಿಲ್ಲೂರು, ಸುಂಕಸಾಳ ಕಡೆಯ ತೋಟಗಳಿರಲಿ, ಕಾರವಾರದ ಕದ್ರಾ, ಮಲ್ಲಾಪುರ ಸುತ್ತಿನ ಗದ್ದೆಗಳಿರಲಿ, ಕಾಡುಹಂದಿಯ ವಿಷಯ ಬಂದರೆ ಮಾತು ಎರಡು ಕವಲಾಗುತ್ತದೆ. ಹೊಡೆಯಲು ಬಿಡಿ ಎನ್ನುವವರು ಒಂದು ಕಡೆ, ಹೊಡೆಯಕೂಡದು ಎನ್ನುವವರು ಇನ್ನೊಂದು ಕಡೆ. ತೆನೆ ಹಾಲುಗಟ್ಟುವ ಹೊತ್ತಿಗೆ ಗದ್ದೆಗೆ ಇಳಿಯುವ ಹಂದಿಹಿಂಡು ತಿನ್ನುವುದಕ್ಕಿಂತ ತುಳಿದು ಹಾಳು ಮಾಡುವುದೇ ಹೆಚ್ಚು. ಭತ್ತ ಕೊಯ್ದ ಮೇಲೆ ಹಾಕಿದ ಶೇಂಗಾವನ್ನು ಅದು ಸಾಲುಹಿಡಿದು ಉತ್ತು ಹೋಗುತ್ತದೆ. ರೈತನ ಸಿಟ್ಟು ನ್ಯಾಯವಾದದ್ದೇ. ವನ್ಯಜೀವಿಗಳ ಪರ ಮಾತಾಡುವವರ ಆತಂಕವೂ ಸುಳ್ಳಲ್ಲ. ಆದರೆ ಈ ಎರಡೂ ಬಣಗಳು ಕೇಳದೇ ಬಿಟ್ಟಿರುವ ಪ್ರಶ್ನೆಯೊಂದಿದೆ: ಹೊಡೆಯುವುದೇ ಆದರೆ ಯಾವ ಕೋವಿಯಿಂದ, ಅದರಲ್ಲಿ ಯಾವ ಗುಂಡು ಹಾಕಿ? ಇದು ಶಿಕಾರಿಯ ಶೋಕಿಯವರ ಹರಟೆಗೆ ಬಿಡುವ ವಿಷಯವಲ್ಲ. ಹಂದಿ ಬಿದ್ದಲ್ಲೇ ಸಾಯುತ್ತದೆಯೋ, ಹೊಟ್ಟೆಯಲ್ಲಿ ಸೀಸ ಹೊತ್ತು ನಾಲ್ಕು ದಿನ ಪೊದೆಯಲ್ಲಿ ನರಳುತ್ತದೆಯೋ, ಮರುದಿನ ಸೊಪ್ಪಿಗೆ ಹೋದವರ ಮೇಲೆ ಎರಗುತ್ತದೆಯೋ ಎನ್ನುವುದು ತೀರ್ಮಾನವಾಗುವುದು ಇಲ್ಲಿಯೇ. ಕೊಲ್ಲಲು ಅಪ್ಪಣೆ ಕೊಡುವ ಸರ್ಕಾರ ಗುಂಡಿನ ವಿಷಯದಲ್ಲಿ ಬಾಯಿ ಬಿಡದಿದ್ದರೆ ಆ ಅಪ್ಪಣೆ ಅರ್ಧದ್ದು ಎಂಬುದು ನನ್ನ ವಾದ.

ಕಾನೂನು ಹೇಗಿದೆ ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಎರಡನೇ ಅನುಸೂಚಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯ ಒಡ್ಡಿದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಅದನ್ನು ಕೊಲ್ಲಲು ಲಿಖಿತ ಅಪ್ಪಣೆ ಕೊಡಬಹುದು. ಬಹುಕಾಲ ಮೂರನೇ ಅನುಸೂಚಿಯಲ್ಲಿದ್ದ ಕಾಡುಹಂದಿ 2022ರ ತಿದ್ದುಪಡಿಯ ನಂತರ ಎರಡನೆಯದಕ್ಕೆ ಬಂದಿದೆ. ಅಪ್ಪಣೆ ಯಾರು ಕೊಡಬೇಕು, ಯಾವ ಕಾರಣಕ್ಕೆ, ಸತ್ತ ಪ್ರಾಣಿ ಯಾರ ಸ್ವತ್ತು ಎಂಬುದೆಲ್ಲ ಅಲ್ಲಿದೆ. ಯಾವ ಆಯುಧದಿಂದ ಎಂಬುದು ಮಾತ್ರ ಇಲ್ಲ. ಆಯುಧದ ಮಾತು ಬರುವುದು ಇನ್ನೊಂದು ಇಲಾಖೆಯ ಇನ್ನೊಂದು ಕಾಯ್ದೆಯಲ್ಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಸೂಚಿಸುವುದು ಮೂತಿಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಕೇಪಿನ ಕೋವಿಯನ್ನು. ಅದು ಸಾಲದೆಂದು ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಕೋವಿಗೂ, ಉದಾಹರಣೆಗೆ ತೋಟಾ ಕೋವಿಗೂ, ಲೈಸೆನ್ಸ್ ಕೊಡಬಹುದು. ಈ ಕಲಮು ಅಲ್ಲಿಂದ ಮುಂದೆ ಹೋಗುವುದಿಲ್ಲ. ಕೊಲ್ಲುವ ಅಪ್ಪಣೆ ಅರಣ್ಯ ಇಲಾಖೆಯದು, ಕೊಲ್ಲುವ ಸಾಧನ ಜಿಲ್ಲಾಡಳಿತದ್ದು. ಇವೆರಡರ ನಡುವೆ ಹಂದಿಯ ಮೈಗೆ ಏನು ತಗಲುತ್ತದೆ ಎಂದು ನೋಡುವವರು ಯಾರೂ ಇಲ್ಲ.

ರೈತನ ಕೈಗೆ ಕೇಪಿನ ಕೋವಿಯೇ ಏಕೆ ಬಂತು ಎಂದು ಕೇಳಿದರೆ ಉತ್ತರ ಕಾಡಿನಲ್ಲಿಲ್ಲ, ದೊರೆಗಳ ಹೆದರಿಕೆಯಲ್ಲಿದೆ. 1857ರ ನಿಶ್ಶಸ್ತ್ರೀಕರಣದ ವಿರುದ್ಧ ಹಲಗಲಿಯ ಬೇಡರು ತಿರುಗಿಬಿದ್ದದ್ದು ನಮಗೆಲ್ಲ ಗೊತ್ತು. 1878ರ ಶಸ್ತ್ರಾಸ್ತ್ರ ಕಾಯ್ದೆ ಅದೇ ಹೆದರಿಕೆಯನ್ನು ಕಾಯಂ ಮಾಡಿತು. ಬಿಳಿಯ ಶಿಕಾರಿಗಳನ್ನೂ ಅದು ಬಿಡಲಿಲ್ಲ. 1907ರ ಸುಮಾರಿಗೆ ಬ್ರಿಟಿಷ್ ಸರ್ಕಾರ ಪಾಯಿಂಟ್ 450 ಅಳತೆಯ ರೈಫಲ್ ಗುಂಡುಗಳನ್ನು ಭಾರತಕ್ಕೂ ಸುಡಾನಿಗೂ ತರುವುದನ್ನು ನಿಷೇಧಿಸಿತು. ಹಳೆಯ ಸೈನಿಕ ರೈಫಲ್ಲುಗಳಿಗೆ ಅವು ಬಂಡುಕೋರರ ಕೈಯಲ್ಲಿ ಉಪಯೋಗಕ್ಕೆ ಬಂದಾವು ಎಂಬ ಭಯ ಅದಕ್ಕೆ. ಇಂಗ್ಲೆಂಡಿನ ಕೋವಿ ತಯಾರಕರು ಕೂಡಲೇ 465, 470, 475 ಎಂದು ಹೊಸ ಅಳತೆಗಳನ್ನು ಹುಟ್ಟಿಸಿದರು. ಮುಂದೆ ಆನೆ, ಕಾಟಿ, ಹುಲಿಯ ಬೇಟೆಗೆ ಹೆಸರಾದ ರೈಫಲ್ಲುಗಳಲ್ಲಿ ಹಲವು ಹೀಗೆ ಒಂದು ಪೊಲೀಸ್ ಆಜ್ಞೆಯಿಂದ ಹುಟ್ಟಿದವು. ದೊಡ್ಡ ಪ್ರಾಣಿಗೆ ಯಾವ ಗುಂಡು ಎಂಬುದನ್ನು ಈ ದೇಶದಲ್ಲಿ ಪ್ರಾಣಿಯನ್ನು ನೋಡಿ ನಿರ್ಧರಿಸಿದ್ದು ಕಡಿಮೆ. ಕೋವಿ ಯಾರ ಮೇಲೆ ತಿರುಗೀತು ಎಂದು ನೋಡಿ ನಿರ್ಧರಿಸಿದ್ದೇ ಹೆಚ್ಚು.

ಕೇಪಿನ ಕೋವಿ ಕೆಲಸ ಮಾಡುವ ಬಗೆ ಹೀಗೆ: ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ ಮೂತಿಯಿಂದ ಕರಿಮದ್ದು ಸುರಿಯಬೇಕು, ಅದರ ಮೇಲೆ ತೆಂಗಿನ ನಾರನ್ನೋ ಕಾಗದವನ್ನೋ ಗಜದಿಂದ ಜಡಿಯಬೇಕು, ಮೇಲೆ ಚರೆ, ಚರೆ ಉದುರದಂತೆ ಮತ್ತೊಂದು ಉಂಡೆ ನಾರು, ಕೊನೆಗೆ ಕಿವಿಯ ಮೇಲೆ ಕೇಪು. ಮದ್ದಿನ ಅಳತೆ ಕೈಯಂದಾಜು. ಮಳೆಗಾಲದಲ್ಲಿ ಅದು ತೇವ ಹಿಡಿದಿದೆಯೋ ಇಲ್ಲವೋ ಗೊತ್ತಾಗುವುದು ಕುದುರೆ ಬಿದ್ದ ಮೇಲೆಯೇ. ಒಂದು ಈಡು ತಪ್ಪಿದರೆ ಇನ್ನೊಂದು ತುಂಬುವಷ್ಟರಲ್ಲಿ ಹಂದಿ ಗುಡ್ಡ ಹತ್ತಿರುತ್ತದೆ. ಇನ್ನು ಚರೆಯ ಲೆಕ್ಕ. ತೋಟಾ ಕೋವಿಯವರು ದೊಡ್ಡ ಪ್ರಾಣಿಗೆಂದು ನಂಬಿಕೊಂಡಿರುವ ಎಲ್.ಜಿ. ತೋಟವನ್ನೇ ತೆಗೆದುಕೊಳ್ಳೋಣ. ಹಳೆಯ ಬ್ರಿಟಿಷ್ ಅಳತೆಯಲ್ಲಿ ಒಂದು ಔನ್ಸಿಗೆ ಆರು ಕಾಳು, ಅಂದರೆ ಒಂದೊಂದೂ ಐದು ಗ್ರಾಮಿಗಿಂತ ಕಡಿಮೆ. ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಬಿದ್ದರೆ ಒಂದು ಕಾಳಿನ ಶಕ್ತಿ 400 ಜೂಲ್ ಮುಟ್ಟುವುದಿಲ್ಲ. ಉರುಟಾದ ಕಾಳು ಗಾಳಿಯಲ್ಲಿ ಬೇಗ ಸುಸ್ತಾಗುವುದರಿಂದ ನಲವತ್ತು ಮೀಟರ್ ದೂರದಲ್ಲಿ ಅದು ಇನ್ನೂ ಇಳಿದಿರುತ್ತದೆ, ಆರೂ ಕಾಳುಗಳು ಆರು ದಿಕ್ಕಿಗೆ ಚದುರಿರುತ್ತವೆ. ಒಂದು ತೊಡೆಗೆ, ಒಂದು ಹೊಟ್ಟೆಗೆ, ಉಳಿದವು ಮಣ್ಣಿಗೆ. ಕೇಪಿನ ಕೋವಿಗೆ ತುಂಬುವ ಚರೆ ಸಾಮಾನ್ಯವಾಗಿ ಇದಕ್ಕಿಂತಲೂ ಸಣ್ಣದು, ಆದ್ದರಿಂದ ಇನ್ನೂ ದುರ್ಬಲ.

ಹಂದಿಯ ಮೈ ಇಂಥ ಕಾಳುಗಳಿಗೆ ಸಿಗುವಂಥದ್ದಲ್ಲ. ಬಲಿತ ಗಂಡುಹಂದಿ ನೂರು ಕಿಲೋ ದಾಟುವುದು ಅಪರೂಪವೇನಲ್ಲ. ಅದರ ಹೆಗಲ ಮೇಲೆ, ತಮ್ಮತಮ್ಮಲ್ಲಿ ಕೋರೆಯಿಂದ ಕಾದಾಡುವಾಗ ರಕ್ಷಣೆಗೆಂದು ಬೆಳೆದ ದಪ್ಪ ನಾರುಗಟ್ಟಿದ ಚರ್ಮದ ಗುರಾಣಿಯೇ ಇರುತ್ತದೆ. ಹೃದಯ, ಶ್ವಾಸಕೋಶಗಳು ಆ ಗುರಾಣಿಯ ಹಿಂದೆ ತಗ್ಗಿನಲ್ಲಿವೆ. ಪ್ರಾಣಿ ಬೇಗ ಸಾಯಬೇಕಾದರೆ ಗುಂಡು ಅಲ್ಲಿಯವರೆಗೆ ಹೋಗಬೇಕು, ಹೋದಲ್ಲಿ ಅಗಲವಾದ ಗಾಯ ಮಾಡಬೇಕು. ಈ ಎರಡು ಗುಣಗಳು ಒಂದಕ್ಕೊಂದು ಎದುರು. ಪೂರ್ತಿ ತಾಮ್ರದ ಕವಚವಿರುವ ಗಟ್ಟಿ ಗುಂಡು ಆಳಕ್ಕೆ ಹೋಗುತ್ತದೆ, ಆದರೆ ಸಣ್ಣ ತೂತು ಕೊರೆದು ಆಚೆ ಹಾರಿಬಿಡುತ್ತದೆ. ತೀರ ಮೃದುವಾದದ್ದು ಚರ್ಮದಲ್ಲೇ ಒಡೆದು ಚೂರಾಗುತ್ತದೆ. ಬೇಟೆಯ ರೈಫಲ್ ಗುಂಡಿನ ವಿದ್ಯೆಯೆಲ್ಲ ಇವೆರಡರ ನಡುವಿನ ಹದ ಹುಡುಕುವುದರಲ್ಲಿದೆ: ಹಿಂಬದಿಗೆ ತಾಮ್ರದ ಬಿಗಿ ಅಂಗಿ, ಮೂತಿಯಲ್ಲಿ ಮಾತ್ರ ಸೀಸ ಬಯಲು, ಮಾಂಸಕ್ಕೆ ತಗುಲಿದೊಡನೆ ಮೂತಿ ಅಣಬೆಯ ಹಾಗೆ ಅರಳಿ ಎರಡು ಪಟ್ಟು ಅಗಲವಾಗುತ್ತದೆ, ಹಿಂಬದಿಯ ಭಾರ ಅದನ್ನು ಒಳಕ್ಕೆ ತಳ್ಳುತ್ತಲೇ ಇರುತ್ತದೆ. ಇಂಥ ಅರಳುವ ಗುಂಡಿಗೆ ಕುಖ್ಯಾತಿ ಬಂದದ್ದು ನಮ್ಮ ದೇಶದ ಹೆಸರಿನಲ್ಲೇ. 1890ರ ದಶಕದಲ್ಲಿ ಕಲ್ಕತ್ತೆಯ ಹತ್ತಿರದ ಡಮ್‌ಡಮ್ ಕಾರ್ಖಾನೆಯಲ್ಲಿ ತಯಾರಾದ ಈ ಬಗೆಯ ಗುಂಡನ್ನು 1899ರ ಹೇಗ್ ಘೋಷಣೆ ಯುದ್ಧದಲ್ಲಿ ನಿಷೇಧಿಸಿತು. ಸೈನಿಕನ ವಿಷಯದಲ್ಲಿ ಕ್ರೂರವಾದದ್ದು ಬೇಟೆಯಲ್ಲಿ ದಯೆಯದಾಗುವುದು ವಿಚಿತ್ರ ಎನಿಸಬಹುದು. ಸೈನಿಕ ಗಾಯಗೊಂಡರೆ ಅವನನ್ನು ಹೊತ್ತು ಆಸ್ಪತ್ರೆಗೆ ಸೇರಿಸುವವರಿದ್ದಾರೆ, ಅವನು ಬದುಕಲಿ ಎಂಬುದೇ ಆ ನಿಯಮದ ಆಶಯ. ಗಾಯಗೊಂಡ ಹಂದಿಗೆ ಆಸ್ಪತ್ರೆಯಿಲ್ಲ.

ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಯ ಕಥೆ ಅಲ್ಲಿಗೇ ಮುಗಿಯುವುದೂ ಇಲ್ಲ. ಕುಮಾವೂನಿನ ಚಂಪಾವತದಲ್ಲಿ ನಾನೂರಕ್ಕೂ ಹೆಚ್ಚು ಜನರನ್ನು ಕೊಂದಿತೆನ್ನಲಾದ ಹೆಣ್ಣುಹುಲಿಯನ್ನು 1907ರಲ್ಲಿ ಹೊಡೆದ ಜಿಮ್ ಕಾರ್ಬೆಟ್, ಅದರ ಬಲಬದಿಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದದ್ದನ್ನು ಕಂಡ. ಹಳೆಯ ಗುಂಡೇಟಿನಿಂದ ಆದ ಆ ಊನವೇ ಅದನ್ನು ಸಹಜ ಬೇಟೆ ಬಿಟ್ಟು ಮನುಷ್ಯರ ಕಡೆ ತಿರುಗಿಸಿತು ಎಂಬುದು ಅವನ ನಿರ್ಣಯ. ಯಾರದೋ ಒಂದು ಕೆಟ್ಟ ಈಡಿಗೆ ನೂರಾರು ಜನ ಬೆಲೆ ತೆತ್ತರು. ಕಾರವಾರ, ಅಂಕೋಲೆಯ ಕಾಡಂಚಿನಲ್ಲಿ ರಾತ್ರಿ ಗದ್ದೆಗೆ ಬರುವುದು ಹಂದಿ ಮಾತ್ರವಲ್ಲ. ಕಾಟಿ ಬರುತ್ತದೆ, ಕಡವೆ ಬರುತ್ತದೆ, ನಾಯಿಯ ಆಸೆಗೆ ಚಿರತೆಯೂ ಸುಳಿಯುತ್ತದೆ. ಕತ್ತಲಲ್ಲಿ ಸಪ್ಪಳಕ್ಕೆ ಹೊಡೆದ ಚರೆ ಒಂದು ಟನ್ನಿನ ಹತ್ತಿರ ತೂಗುವ ಕಾಟಿಯ ಪಕ್ಕೆಗೆ ಹೊಕ್ಕರೆ ಅದು ಸಾಯುವುದಿಲ್ಲ. ಕೀವುಗಟ್ಟಿದ ನೋವು ಹೊತ್ತು ಮನುಷ್ಯರ ದಾರಿಯಲ್ಲೇ ನಿಲ್ಲುತ್ತದೆ. ಕಾಟಿ ಅಪಾಯಕಾರಿ ಎನ್ನುವ ಸುದ್ದಿಗಳ ಹಿಂದೆ ಹಳೆಯ ಚರೆಯೇಟು ಇದ್ದೀತೇ ಎಂದು ಯಾರಾದರೂ ತನಿಖೆಯ ವೇಳೆ ನೋಡುವುದು ಒಳ್ಳೆಯದು.

ಬೇರೆ ದೇಶಗಳು ಇದನ್ನು ಯೋಚಿಸಿವೆ. ಜರ್ಮನಿಯ ಕಾಡಿನಲ್ಲಿರುವುದೂ ಇದೇ ಜಾತಿಯ ಹಂದಿ. ಅಲ್ಲಿಯ ಬೇಟೆ ಕಾಯ್ದೆಯ 19ನೇ ಸೆಕ್ಷನ್, ಹಂದಿ ಮತ್ತು ಜಿಂಕೆಗಳನ್ನು ಸಣ್ಣ ಚರೆಯಿಂದಲೇ ಆಗಲಿ ದೊಡ್ಡ ಚರೆಯಿಂದಲೇ ಆಗಲಿ ಹೊಡೆಯುವುದನ್ನು ಸಾರಾಸಗಟಾಗಿ ನಿಷೇಧಿಸುತ್ತದೆ. ಹಂದಿಗೆ ಹಾರಿಸುವ ರೈಫಲ್ ಗುಂಡು ಕನಿಷ್ಠ 6.5 ಮಿಲಿಮೀಟರ್ ದಪ್ಪ ಇರಬೇಕು, ನೂರು ಮೀಟರ್ ದೂರದಲ್ಲೂ 2000 ಜೂಲ್ ಶಕ್ತಿ ಉಳಿಸಿಕೊಂಡಿರಬೇಕು. ನಮ್ಮ ಎಲ್.ಜಿ. ಕಾಳಿನ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇಂಗ್ಲೆಂಡಿನ ಜಿಂಕೆ ಕಾಯ್ದೆ ಗುಂಡಿನ ಮೂತಿ ಮೃದುವಾಗಿಯೋ ಟೊಳ್ಳಾಗಿಯೋ ಇರಲೇಬೇಕು ಎನ್ನುತ್ತದೆ. ಪರದೇಶದ ಮಾತು ಬೇಡ ಎನ್ನುವವರು ನಮ್ಮದೇ ಕಾಯ್ದೆಯ ಹಳೆಯ ಪ್ರತಿ ತೆರೆಯಲಿ. 1972ರ ಮೂಲ ವನ್ಯಜೀವಿ ಕಾಯ್ದೆಯ 17ನೇ ಸೆಕ್ಷನ್, ದೊಡ್ಡ ಬೇಟೆಯ ಪ್ರಾಣಿಗಳನ್ನು ರೈಫಲ್ಲಿನಿಂದಲೇ ಹೊಡೆಯಬೇಕು, ನಯನಳಿಗೆಯ ಕೋವಿಯಾದರೆ ವಿಶೇಷ ಅಪ್ಪಣೆ ಪಡೆದು ಒಂಟಿ ಗುಂಡು ಹಾಕಿ ಹೊಡೆಯಬೇಕು ಎಂದಿತ್ತು. 1991ರಲ್ಲಿ ಬೇಟೆಯ ಲೈಸೆನ್ಸ್ ಪದ್ಧತಿಯನ್ನೇ ತೆಗೆದಾಗ ಈ ಸೆಕ್ಷನ್ನೂ ಹೋಯಿತು. ಬೇಟೆಯೇ ಇಲ್ಲವೆಂದ ಮೇಲೆ ಬೇಟೆಯ ನಿಯಮ ಯಾಕೆ ಎಂಬುದು ಆಗಿನ ತರ್ಕವಿರಬೇಕು. ಆದರೆ 11ನೇ ಸೆಕ್ಷನ್ ಉಳಿಯಿತು. ಕೊಲ್ಲುವ ಬಾಗಿಲು ತೆರೆದೇ ಇದೆ, ಹೇಗೆ ಕೊಲ್ಲಬೇಕೆಂದು ಹೇಳುತ್ತಿದ್ದ ಕಲಮು ಮಾತ್ರ ಇಲ್ಲವಾಗಿದೆ. ಮೋಜಿಗಾಗಿ ಕೊಲ್ಲುವವನಿಗೆ ಇದ್ದ ಕಟ್ಟುಪಾಡು ಬೆಳೆಗಾಗಿ ಕೊಲ್ಲುವವನಿಗೆ ಇಲ್ಲ.

ಹಾಗಾದರೆ ರೈತರಿಗೆಲ್ಲ ರೈಫಲ್ ಕೊಡಬೇಕೇ ಎಂಬ ಪ್ರಶ್ನೆ ಬರುತ್ತದೆ. ನನ್ನ ಉತ್ತರ, ಬೇಡ. ಘಟ್ಟಕ್ಕೂ ಕಡಲಿಗೂ ನಡುವೆ ಇಲ್ಲಿರುವುದು ಕಿರಿದಾದ ಪಟ್ಟಿ. ಅದರಲ್ಲೇ ರಾಷ್ಟ್ರೀಯ ಹೆದ್ದಾರಿ 66, ಅದರಲ್ಲೇ ಕೊಂಕಣ ರೈಲು, ತೋಟಕ್ಕೊಂದರಂತೆ ಚದುರಿದ ಮನೆಗಳು. ರೈಫಲ್ ಗುಂಡು ಗುರಿ ತಪ್ಪಿದರೆ ಎರಡು ಮೂರು ಕಿಲೋಮೀಟರ್ ಹೋಗಬಲ್ಲದು. ಬಯಲಿನಲ್ಲಿ ನಿಂತು ಅದನ್ನು ಹಾರಿಸುವುದು ಹಂದಿಗಿಂತ ದೊಡ್ಡ ಅಪಾಯ. ಈ ಆಕ್ಷೇಪ ಸರಿಯಾದದ್ದೇ, ಆದರೆ ಇದು ಚರೆಯ ಪರವಾದ ವಾದವಾಗುವುದಿಲ್ಲ. ಗದ್ದೆಯಲ್ಲಿ ಹಂದಿಗೆ ಗುರಿಯಿಡುವುದು ಹೆಚ್ಚೆಂದರೆ ನಲವತ್ತು, ಐವತ್ತು ಮೀಟರಿನಿಂದ. ಅಷ್ಟು ದೂರಕ್ಕೆ ಹನ್ನೆರಡು ಬೋರಿನ ತೋಟಾ ಕೋವಿಯಲ್ಲಿ ಒಂಟಿ ಗುಂಡು ಧಾರಾಳ ಸಾಕು. ಒಂದು ಔನ್ಸ್ ಸೀಸ ಒಂದೇ ಗುಂಡಾಗಿ ಸೆಕೆಂಡಿಗೆ ನಾನೂರು ಚಿಲ್ಲರೆ ಮೀಟರ್ ವೇಗದಲ್ಲಿ ಹೊರಟರೆ ನಳಿಗೆಯ ಬಾಯಲ್ಲಿ ಅದರ ಶಕ್ತಿ ಎರಡೂವರೆ ಸಾವಿರ ಜೂಲ್ ಆಸುಪಾಸು. ಅದೇ ಸೀಸ, ಅದೇ ಮದ್ದು, ಆರಾಗಿ ಹರಿದುಹೋಗದೆ ಒಂದಾಗಿ ಹೋಗುತ್ತದೆ ಅಷ್ಟೇ. ಹೊಡೆಯುವವನು ಮಾಳದ ಮೇಲೆ ಕೂತು ಕೆಳಮುಖವಾಗಿ ಹೊಡೆದರೆ ಗುರಿ ತಪ್ಪಿದ್ದೂ ಗದ್ದೆಯ ಮಣ್ಣಿಗೇ ಸೇರುತ್ತದೆ. ರೈಫಲ್ ಬೇಕಾಗುವುದು ಕಾಡಂಚಿನ ದೂರದ ಈಡಿಗೆ, ಗಾಯಗೊಂಡದ್ದನ್ನು ಹುಡುಕಿ ಮುಗಿಸುವುದಕ್ಕೆ. ಅದು ಅರಣ್ಯ ಸಿಬ್ಬಂದಿಯ ಅಥವಾ ಇಲಾಖೆ ಗುರುತಿಸಿದ ನುರಿತ ಗುರಿಗಾರರ ಕೈಯಲ್ಲಿರಲಿ, ಅದಕ್ಕೆ ಅರಳುವ ಗುಂಡೇ ಇರಲಿ. ಸೈನ್ಯದ ಮಾದರಿಯ ಪೂರ್ಣ ಕವಚದ ಗುಂಡು ಹಂದಿಯನ್ನು ತೂರಿ ಆಚೆಯ ಮನೆಯ ಗೋಡೆಯವರೆಗೂ ಹೋದೀತು. ಅರಳುವ ಗುಂಡು ತನ್ನ ಬಲವನ್ನೆಲ್ಲ ಪ್ರಾಣಿಯ ಮೈಯಲ್ಲೇ ಖರ್ಚು ಮಾಡುವುದರಿಂದ ಊರಿಗೂ ಅದೇ ಕಡಿಮೆ ಅಪಾಯದ್ದು.

ಗುಂಡಿನ ಮಾತಾಡಿದರೆ ಕೊಲ್ಲುವುದನ್ನು ಒಪ್ಪಿದಂತೆ, ಬೇಲಿ ಮತ್ತು ಪರಿಹಾರದ ಮಾತಾಡಿ ಎನ್ನುವವರಿದ್ದಾರೆ. ಬೇಲಿ ಬೇಕು, ಪರಿಹಾರ ಹೊತ್ತಿಗೆ ಸಿಗಬೇಕು, ಹಡಿಲು ಬಿದ್ದ ಗದ್ದೆಗಳಲ್ಲಿ ಹಂದಿ ಅಡಗುವ ಪೊದೆ ಸವರಬೇಕು. ಇವುಗಳಲ್ಲಿ ಯಾವುದಕ್ಕೂ ಗುಂಡು ಬದಲಿಯಲ್ಲ. ಆದರೆ ಇವೆಲ್ಲ ಆಗುವವರೆಗೆ ಹಂದಿ ಸಾಯದೇ ಉಳಿದಿದೆ ಎಂದುಕೊಳ್ಳುವುದು ನಮ್ಮನ್ನು ನಾವೇ ನಂಬಿಸಿಕೊಂಡಂತೆ. ಅದು ಉರುಳಿಗೆ ಸಿಕ್ಕಿ ಸಾಯುತ್ತದೆ, ಬೇಲಿಗೆ ಕಳ್ಳತನದಲ್ಲಿ ಕೊಟ್ಟ ಕರೆಂಟಿನಿಂದ ಸಾಯುತ್ತದೆ, ಹಿಟ್ಟಿನುಂಡೆಯಲ್ಲಿ ಅಡಗಿಸಿಟ್ಟ ಸಿಡಿಮದ್ದು ಕಚ್ಚಿ ದವಡೆ ಹಾರಿ ಸಾಯುತ್ತದೆ. ಆ ಉಂಡೆಗೆ ಮೇಯುವ ದನವೂ ಬಾಯಿ ಹಾಕುತ್ತದೆ. 2020ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಬಸುರಿ ಆನೆಯೊಂದು ಇಂಥದೇ ಸಿಡಿಮದ್ದಿಗೆ ಬಾಯಿ ಒಡೆದುಕೊಂಡು ಹೊಳೆಯಲ್ಲಿ ನಿಂತು ಸತ್ತದ್ದನ್ನು ದೇಶವೇ ನೋಡಿತು. ಎರಡು ವರ್ಷದ ನಂತರ ಅದೇ ರಾಜ್ಯ ಕಾಡುಹಂದಿ ಹೊಡೆಯಲು ಅಪ್ಪಣೆ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಹಂಚಿತು. ಕಾನೂನುಬದ್ಧ ದಾರಿ ಕಷ್ಟವಾದಷ್ಟೂ ಕದ್ದು ಮಾಡುವ ದಾರಿ ಸುಲಭವಾಗುತ್ತದೆ ಎಂಬುದನ್ನು ಅವರು ಕಂಡುಕೊಂಡಂತಿದೆ. ಸರಿಯಾದ ಗುಂಡು ಯಾವುದೆಂದು ಹೇಳುವುದು ಕೊಲೆಗೆ ಪ್ರೋತ್ಸಾಹವಲ್ಲ. ಕಸಾಯಿಖಾನೆಗೆ ನಿಯಮ ಮಾಡಿದ ಮಾತ್ರಕ್ಕೆ ಸರ್ಕಾರ ಎಲ್ಲರಿಗೂ ಮಾಂಸ ತಿನ್ನಿ ಎಂದಂತಾಗುವುದಿಲ್ಲವಲ್ಲ.

ರೈತರ ಕಡೆಯ ಆಕ್ಷೇಪ ಬೇರೆ ಬಗೆಯದು, ಅದಕ್ಕೆ ಉತ್ತರ ಹೇಳುವುದೂ ಕಷ್ಟ. ಅಜ್ಜನ ಕಾಲದ ಕೇಪಿನ ಕೋವಿಯ ಲೈಸೆನ್ಸ್ ನವೀಕರಣಕ್ಕೇ ಕಚೇರಿ ಅಲೆಯಬೇಕು, ಚುನಾವಣೆ ಬಂದಾಗಲೆಲ್ಲ ಅದನ್ನೂ ಠಾಣೆಗೆ ಒಪ್ಪಿಸಿ ಬರಬೇಕು. ಇದರ ಮೇಲೆ ಇಂಥದೇ ಗುಂಡು ಎಂಬ ಹೊಸ ಕಟ್ಟಳೆ ಬೇರೆಯೇ ಎಂದು ಅವರು ಕೇಳಿದರೆ ತಪ್ಪಿಲ್ಲ. ಆದ್ದರಿಂದಲೇ ಕಟ್ಟಳೆಯ ಭಾರ ಹೊರಬೇಕಾದದ್ದು ಆಡಳಿತ. ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಗಲೇ ಇರುವ ಅವಕಾಶ ಬಳಸಿ, ಹಂದಿ ಕಾಟವಿರುವ ಪಂಚಾಯಿತಿಗಳಲ್ಲಿ ಕೇಪಿನ ಕೋವಿ ಸಾಲದು ಎಂದು ಜಿಲ್ಲಾಡಳಿತವೇ ಒಮ್ಮೆ ದಾಖಲಿಸಿ, ಹತ್ತು ಮನೆಗೆ ಒಬ್ಬ ನಂಬಿಕಸ್ತ ಗುರಿಗಾರನಿಗೆ ತೋಟಾ ಕೋವಿಯ ಲೈಸೆನ್ಸ್ ಕೊಡಬಹುದು. ಇದಕ್ಕೆ ಸಂಸತ್ತಿನಲ್ಲಿ ತಿದ್ದುಪಡಿ ಬೇಡ. ಒಂಟಿ ಗುಂಡಿನ ತೋಟಗಳನ್ನು ಅಪ್ಪಣೆಯ ಜೊತೆಯಲ್ಲೇ ಎಣಿಸಿ ಕೊಟ್ಟು, ಉಳಿದದ್ದನ್ನೂ ಖಾಲಿ ಕೊಳವೆಗಳನ್ನೂ ವಾಪಸು ಪಡೆದರೆ ದುರುಪಯೋಗದ ಭಯಕ್ಕೂ ಉತ್ತರ ಸಿಗುತ್ತದೆ. ತೋಟಾ ಕೋವಿ ಬರುವವರೆಗೆ ಕೇಪಿನ ಕೋವಿಯೇ ಗತಿಯಾದರೆ ಅದರಲ್ಲೂ ಚರೆ ಬಿಟ್ಟು ಒಂಟಿ ಗುಂಡನ್ನೇ ಹಾಕಿ, ಮೂವತ್ತು ಮೀಟರಿನೊಳಗೆ ಬಂದರೆ ಮಾತ್ರ ಹೊಡೆಯಬೇಕೆಂದು ಅಪ್ಪಣೆ ಪತ್ರದಲ್ಲಿ ಬರೆಯಲು ಒಂದು ಸಾಲು ಸಾಕು.

ಸೀಸದ ವಿಷಯವನ್ನೂ ಬಿಡುವ ಹಾಗಿಲ್ಲ. ಹೆಚ್ಚು ವೇಗದ ರೈಫಲ್ ಗುಂಡು ಒಳಗೆ ಅರಳುವಾಗ ಕಣ್ಣಿಗೆ ಕಾಣದ ಸೀಸದ ಚೂರುಗಳನ್ನು ಗಾಯದ ಸುತ್ತ ದೂರದವರೆಗೆ ಎರಚುತ್ತದೆ. ಆ ಮಾಂಸ ತಿಂದ ಹಕ್ಕಿಗಳು ಸಾಯುತ್ತವೆ. ಜಪಾನಿನ ಹೊಕ್ಕೈಡೊದಲ್ಲಿ ಕಡಲಹದ್ದುಗಳು ಹೀಗೆ ಸತ್ತದ್ದಕ್ಕೇ ಜಿಂಕೆ ಬೇಟೆಯಲ್ಲಿ ಸೀಸದ ಗುಂಡನ್ನು ನಿಲ್ಲಿಸಿದರು, ಕ್ಯಾಲಿಫೋರ್ನಿಯಾ 2019ರಿಂದ ಬೇಟೆಯಲ್ಲಿ ಸೀಸವನ್ನೇ ನಿಷೇಧಿಸಿತು, ಡೆನ್ಮಾರ್ಕ್ 2024ರಲ್ಲಿ ರೈಫಲ್ ಗುಂಡಿಗೂ ಅದೇ ನಿಯಮ ತಂದಿತು. ಸೀಸಕ್ಕೆ ಬದಲಿಯಾದ ಪೂರ್ತಿ ತಾಮ್ರದ ಗುಂಡು ನಮ್ಮ ಪೇಟೆಯಲ್ಲಿ ಸಿಗುವ ವಸ್ತುವಲ್ಲ, ಅದಕ್ಕಾಗಿ ಕಾಯುತ್ತ ಕೂರಬೇಕೆಂದೂ ನಾನು ಹೇಳುವುದಿಲ್ಲ. ನಿಧಾನ ವೇಗದ ಒಂಟಿ ಗುಂಡು ರೈಫಲ್ ಗುಂಡಿನಷ್ಟು ಚೂರಾಗುವುದಿಲ್ಲ, ಸದ್ಯಕ್ಕೆ ಅದನ್ನು ಆರಿಸಲು ಇದು ಇನ್ನೊಂದು ಕಾರಣ. ಇಲಾಖೆ ರೈಫಲ್ ಬಳಸಿದಲ್ಲಿ ಸತ್ತ ಹಂದಿಯನ್ನು ಕಾಡಿಗೆ ಎಸೆಯದೆ ಆಳವಾಗಿ ಹೂಳಿಸಬೇಕು. ಅಪ್ಪಣೆ ಪತ್ರದ ಬೆನ್ನಿಗೆ ನಾಲ್ಕು ಅಂಕಣದ ಒಂದು ಪಟ್ಟಿ ಅಚ್ಚು ಹಾಕಿಸಲಿ: ಎಷ್ಟು ಈಡು ಹಾರಿಸಿದರು, ಯಾವ ಗುಂಡು, ಎಷ್ಟು ಹಂದಿ ಸ್ಥಳದಲ್ಲೇ ಬಿದ್ದವು, ಎಷ್ಟು ರಕ್ತ ಸುರಿಸುತ್ತ ತಪ್ಪಿಸಿಕೊಂಡವು. ಎರಡು ಬೆಳೆ ಕಳೆದ ಮೇಲೆ ಅಂಕೋಲಾ ವಲಯದ ಪಟ್ಟಿಗಳನ್ನು ಒಟ್ಟಿಗೆ ಹರಡಿಕೊಂಡು ಕೂತರೆ ಚರೆ ಹೆಚ್ಚೋ ಒಂಟಿ ಗುಂಡು ಹೆಚ್ಚೋ ಎಂದು ಯಾರ ಲೇಖನವನ್ನೂ ಓದದೆ ತೀರ್ಮಾನಿಸಬಹುದು.